ಮೂರೂವರೆಗೆ ಇಲ್ಲದ ಸಾಲು

ನಾಲ್ಕೂವರೆಗೆ ಕಡತ ತೆರೆದಾಗ ಆ ಸಾಲು ಅಲ್ಲಿತ್ತು. ಮೂರೂವರೆಗೆ ಇರಲಿಲ್ಲ ಎಂದು ಸಿಸ್ಟರ್ ಹೇಳುತ್ತಿದ್ದಳು.

ಆ ಒಂದು ಗಂಟೆಯಲ್ಲಿ ಒಬ್ಬ ಹೆಂಗಸು ಸಾವಿನ ಹೊಸ್ತಿಲಿಗೆ ಹೋಗಿ ನಿಂತಿದ್ದಳು. ಬಟ್ಟೆ ಹೊಲಿಯುವವಳು, ಮೂವತ್ತರ ಆಸುಪಾಸು. ಹೊಲಿಗೆ ಯಂತ್ರದ ಸೂಜಿ ಬಲಗೈ ತೋರುಬೆರಳನ್ನು ತೂರಿಕೊಂಡು ಹೋಗಿ, ಬೆರಳು ಬಾತು ಕೀವು ತುಂಬಿ, ಆ ಮಂಗಳವಾರ ಮಧ್ಯಾಹ್ನ ತಾಯಿಯ ಜೊತೆ ಆಸ್ಪತ್ರೆಗೆ ಬಂದಿದ್ದಳು. ವೈದ್ಯರು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದರು. ಅಲ್ಲಿಂದಲೇ ಫೋನಿನಲ್ಲಿ, ನಂಜಿನ ಇಂಜೆಕ್ಷನ್ ಕೊಡಿ ಎಂದರು. ವಾರ್ಡಿನ ಸಿಸ್ಟರ್ ಕಂಪ್ಯೂಟರಿನಲ್ಲಿ ಆಕೆಯ ಕಡತ ತೆರೆದಳು. ‘ಒಗ್ಗದ ಔಷಧ’ ಎಂಬ ಚೌಕ ಖಾಲಿ. ಪಟ್ಟಿಯಿಂದ ಇಂಜೆಕ್ಷನ್ನಿನ ಹೆಸರು ಆರಿಸಿದಳು. ಒಗ್ಗದ ಔಷಧವಾಗಿದ್ದರೆ ಪರದೆ ಪೂರ್ತಿ ಕೆಂಪಾಗಬೇಕು. ಆಗಲಿಲ್ಲ. ಕೊಟ್ಟಳು.

ಐದು ನಿಮಿಷಕ್ಕೆ ತುಟಿ ಊದಿತು. ಏಳನೆಯ ನಿಮಿಷಕ್ಕೆ ಉಸಿರು ಕಟ್ಟಿತು.

ಎಲ್ಲರೂ ತೀವ್ರ ನಿಗಾ ಘಟಕದ ಕಡೆ ಓಡಿದರು. ವಾರ್ಡಿನ ಮೇಜು ಮುಕ್ಕಾಲು ಗಂಟೆ ಬರಿದಾಗಿತ್ತು. ಹೊಲಿಗೆಯವಳ ತಾಯಿ ಮೊಗಸಾಲೆಯಲ್ಲಿ ಗೋಡೆಗೆ ತಲೆ ಆನಿಸಿಕೊಂಡು, ಎರಡು ವರ್ಷದ ಹಿಂದೆಯೇ ಹೇಳಿದ್ದೆವಲ್ಲ, ಆಗಿನ ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದರಲ್ಲ ಎಂದು ಗೋಳಿಡುತ್ತಿದ್ದಳು. ಆ ಮಾತು ಕೇಳಿಯೇ ವೈದ್ಯರೂ ಆಸ್ಪತ್ರೆಯ ಮ್ಯಾನೇಜರೂ ವಾರ್ಡಿಗೆ ಬಂದು ಕಡತ ತೆರೆದು ನೋಡಿದ್ದು.

ಚೌಕದಲ್ಲಿ ಸ್ಪಷ್ಟವಾಗಿತ್ತು: ‘ನಂಜಿನ ಇಂಜೆಕ್ಷನ್’. ಪಕ್ಕದಲ್ಲಿ ಎರಡು ವರ್ಷದ ಹಿಂದಿನ ತಾರೀಖು.

ಸಿಸ್ಟರ್ ಆ ಸಾಲನ್ನು ನೋಡಿ ಕುರ್ಚಿಯ ಬೆನ್ನು ಹಿಡಿದುಕೊಂಡಳಂತೆ. ಅವಳು ಹೇಳಿದ್ದು ಒಂದೇ ಮಾತು: “ಇದು ಆಗ ಇರಲಿಲ್ಲ.” ನಂಬಿದವರು ಯಾರೂ ಇಲ್ಲ. ಹನ್ನೊಂದು ವರ್ಷದ ಕೆಲಸದಿಂದ ಅವಳನ್ನು ಅಂದೇ ಅಮಾನತು ಮಾಡಿದರು. ಶುಕ್ರವಾರ ಹನ್ನೊಂದು ಗಂಟೆಗೆ ವಿಚಾರಣೆ ಎಂದಾಯಿತು.

ಗುರುವಾರ ಬೆಳಿಗ್ಗೆ ರಿಪೇರಿ ಅಕ್ಕನಿಗೆ ಕರೆ ಹೋಯಿತು.

ಅವಳಿಗೆ ಐವತ್ತೆರಡು. ಇಪ್ಪತ್ತೇಳು ವರ್ಷದಿಂದ ಕಂಪ್ಯೂಟರು ಬಿಚ್ಚಿ ಕಟ್ಟುವ ಕೆಲಸ. ಆ ಭಾಗದ ಅಂಗಡಿ, ಶಾಲೆ, ಕಚೇರಿಗಳಲ್ಲೆಲ್ಲ ಅವಳು ರಿಪೇರಿ ಅಕ್ಕನೇ. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಚೀಲದಲ್ಲಿ ನಾಲ್ಕು ಸ್ಕ್ರೂಡ್ರೈವರು, ಧೂಳು ಕೊಡವಲು ಹಳೇ ಬಣ್ಣದ ಬ್ರಷ್ಷು, ಒಂದು ಟಾರ್ಚು, ಒಂದು ಭೂತಕನ್ನಡಿ. ಎಲ್ಲಿ ಹೋದರೂ ಮೊದಲ ಪ್ರಶ್ನೆ ಒಂದೇ — ಕೆಡುವ ಮುಂಚೆ ಏನು ಮಾಡಿದಿರಿ? ಎಲ್ಲರ ಉತ್ತರವೂ ಒಂದೇ — ಏನೂ ಮಾಡಿಲ್ಲ. ಹಾಗೆಂದವರು ಸುಳ್ಳು ಹೇಳುತ್ತಿರುವುದಿಲ್ಲ, ಮಾಡಿದ್ದನ್ನು ಮರೆತಿರುತ್ತಾರೆ ಎನ್ನುವುದು ಅವಳ ಅನುಭವ. ಅದಕ್ಕೇ ಅವಳು ಯಂತ್ರಕ್ಕಿಂತ ಮೊದಲು ಮನುಷ್ಯರನ್ನು ಮಾತಾಡಿಸುತ್ತಿದ್ದಳು.

ಆಸ್ಪತ್ರೆಯ ಕಂಪ್ಯೂಟರುಗಳನ್ನು ಕೂಡಿಸಿದ್ದು ಅವಳೇ. ಕೆಂಪು ಪರದೆಯ ಎಚ್ಚರಿಕೆಯ ಪ್ರೋಗ್ರಾಮು ಬರೆದದ್ದೂ ಅವಳೇ. ಆರು ತಿಂಗಳ ಹಿಂದೆ ಒಂದು ಭಾನುವಾರ ಪೂರ್ತಿ ಕೂತು ನಾಲ್ಕು ಸಾವಿರ ಹಳೇ ದಾಖಲೆಗಳ ತಪ್ಪು ತಿದ್ದಿ ಹೋಗಿದ್ದಳು. ಹಾಗಾಗಿ ಮ್ಯಾನೇಜರು ಬಾಗಿಲಲ್ಲೇ ಕಾಗದ ಹಿಡಿದು ನಿಂತಿದ್ದರು. ಯಂತ್ರದಲ್ಲಿ ಯಾವ ದೋಷವೂ ಇಲ್ಲ ಎಂದು ಬರೆದಿತ್ತು. ಸಹಿಯೊಂದು ಬಿದ್ದರೆ ಸಾಕು.

“ಯಂತ್ರ ನೋಡದೆ ಸಹಿ ಹಾಕೋ ಅಭ್ಯಾಸ ನನಗಿಲ್ಲ ಸಾರ್,” ಎಂದಳು.

ವಾರ್ಡಿನ ಮೇಜಿಗೆ ಹೋದಳು. ಕೀಲಿಮಣೆಯನ್ನು ಎತ್ತಿ ಮಗುಚಿದಳು. ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಪಾಸ್‌ವರ್ಡ್. ಆಸ್ಪತ್ರೆಗೆಲ್ಲ ಅದೊಂದೇ. ತಲೆಗೊಂದು ಬೇರೆ ಪಾಸ್‌ವರ್ಡ್ ಇರಲಿ, ಯಾರು ಏನು ತಿದ್ದಿದರೆಂದು ಯಂತ್ರವೇ ಬರೆದಿಟ್ಟುಕೊಳ್ಳುತ್ತದೆ ಎಂದು ಅವಳು ಎಷ್ಟು ಸಲ ಬಾಯಿ ನೋಯಿಸಿಕೊಂಡಿದ್ದಳೋ. ಪ್ರತಿ ಸಲವೂ ಮ್ಯಾನೇಜರು ಮುಂದಿನ ತಿಂಗಳು ನೋಡೋಣ ಎಂದಿದ್ದರು.

“ಒಂದೇ ಬೀಗದ ಕೈ ಹತ್ತು ಜನರ ಹತ್ತಿರ ಇದ್ರೆ, ಬಾಗಿಲು ತೆಗೆದೋರು ಯಾರು ಅಂತ ಕೇಳೋದಕ್ಕೇ ಅರ್ಥ ಇಲ್ಲ,” ಎಂದಳು.

ಸೋಮವಾರದ ಪ್ರತಿ ಕೇಳಿದಳು. ಸಂಜೆ ಆರಕ್ಕೆ ದಾಖಲೆಗಳೆಲ್ಲ ಇನ್ನೊಂದು ಡಿಸ್ಕಿಗೆ ತಾವಾಗಿಯೇ ನಕಲಾಗುತ್ತಿದ್ದವು. ಆದರೆ ಡಿಸ್ಕು ಒಂದೇ; ಹೊಸ ನಕಲು ಹಳೆಯದರ ಮೇಲೆಯೇ ಕೂರುತ್ತಿತ್ತು. ಮಂಗಳವಾರ ಸಂಜೆಯ ನಕಲಿನಲ್ಲಿ ಆ ಸಾಲೂ ಸೇರಿಹೋಗಿತ್ತು. ಸೋಮವಾರದ್ದು ಅಳಿದಿತ್ತು. ಏಳು ದಿನಕ್ಕೆ ಏಳು ಡಿಸ್ಕು ಇಡಿ ಎಂದೂ ಅವಳು ಹೇಳಿದ್ದಳು. ದಿನಾ ತಿದ್ದಿ ಬರೆಯುವ ಒಂದೇ ನಕಲು ಕನ್ನಡಿಯಿದ್ದ ಹಾಗೆ; ಮುಖ ಕೆಟ್ಟರೆ ಅದೂ ಕೆಟ್ಟದ್ದನ್ನೇ ತೋರಿಸುತ್ತದೆ.

ಆಮೇಲೆ ಹೊಲಿಗೆಯವಳ ಕಡತ ತೆರೆದಳು. ಸಾಲು ಇತ್ತು. ಪಟ್ಟಿಯಿಂದ ನಂಜಿನ ಇಂಜೆಕ್ಷನ್ ಆರಿಸಿದಳು.

ಪರದೆ ಕೆಂಪಾಗಲಿಲ್ಲ.

ಮತ್ತೊಮ್ಮೆ. ಆಗಲಿಲ್ಲ.

ಹಿಂದೆ ನಿಂತಿದ್ದ ಮ್ಯಾನೇಜರ ಧ್ವನಿ ಬದಲಾಯಿತು. “ಸಾಲು ಇದೆ. ಎಚ್ಚರಿಕೆ ಬರ್ತಿಲ್ಲ. ಅಂದ್ರೆ ತಪ್ಪು ಸಿಸ್ಟರದ್ದಷ್ಟೇ ಅಲ್ಲ ಮೇಡಂ. ನಿಮ್ಮ ಪ್ರೋಗ್ರಾಮಿಂದೂ ಇದೆ.”

ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಬೇರೆ ಮೂವರು ರೋಗಿಗಳ ಕಡತ ತೆರೆದು ಅವರಿಗೆ ಒಗ್ಗದ ಔಷಧಗಳನ್ನು ಆರಿಸಿದಳು. ಮೂರು ಸಲವೂ ಪರದೆ ಕೆಂಪಾಯಿತು. ಪ್ರೋಗ್ರಾಮು ನೆಟ್ಟಗಿತ್ತು. ಹಾಗಾದರೆ ಈ ಒಬ್ಬಳ ವಿಷಯದಲ್ಲಿ ಮಾತ್ರ ಯಾಕೆ ಸುಮ್ಮನಿದೆ? ‘ನಂಜಿನ’ ಎಂದು ಟೈಪು ಮಾಡಿ, ಎಲ್ಲ ಕಡತಗಳಲ್ಲಿ ಹುಡುಕು ಎಂದಳು. ಮೂವತ್ತೆಂಟು ಕಡೆ ಸಿಕ್ಕಿತು. ಮೂವತ್ತೆಂಟರಲ್ಲಿ ಹೊಲಿಗೆಯವಳ ಹೆಸರಿಲ್ಲ. ಪದ ಕಣ್ಣೆದುರು ಇತ್ತು, ಕಂಪ್ಯೂಟರು ಇಲ್ಲವೆನ್ನುತ್ತಿತ್ತು.

ಅವಳು ಆ ಚೌಕದ ಅಕ್ಷರಗಳನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ಚೀಲದಿಂದ ಭೂತಕನ್ನಡಿ ತೆಗೆದು ಪರದೆಗೆ ಹಿಡಿದಳು. ಆಮೇಲೆ ಭೂತಕನ್ನಡಿಯನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಗೆ ಒರಗಿದಳು.

ಏನಾಯಿತೆಂದು ಮ್ಯಾನೇಜರು ಕೇಳಿದರು.

“ನಾಳೆ ಹೇಳ್ತೀನಿ. ಅದಕ್ಕೆ ಮುಂಚೆ ಕೆಲವರನ್ನ ಮಾತಾಡಿಸಬೇಕು.”

ಮೊದಲು ಸಿಸ್ಟರ್. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಒಗೆದ ಬಟ್ಟೆಗಳ ನಡುವೆ, ತನ್ನ ಮನೆಯ ಮಹಡಿ ಮೆಟ್ಟಿಲ ಮೇಲೆ ಕೂತಿದ್ದಳು. ಎರಡು ದಿನದಲ್ಲಿ ಮುಖ ಇಳಿದುಹೋಗಿತ್ತು. ಅವಳ ಗಂಡ ಒಳಗಿಂದ ಎರಡು ಲೋಟ ಚಹಾ ತಂದಿಟ್ಟು ಒಳಗೆ ಹೋದ.

“ಸಿಸ್ಟರ್, ಕೆಡೋ ಮುಂಚೆ ಏನು ಮಾಡಿದ್ರಿ?”

ಸಿಸ್ಟರ್ ಮೊದಲಿಂದ ಹೇಳಿದಳು. ಕಡತ ತೆರೆದದ್ದು, ಚೌಕ ನೋಡಿದ್ದು, ರೋಗಿಯನ್ನೂ ಬಾಯಿಬಿಟ್ಟು ಕೇಳಿದ್ದು. ನೋವಿನಲ್ಲಿ ಮುಲುಗುತ್ತಿದ್ದ ಹುಡುಗಿ ತಲೆಯಾಡಿಸಿದ್ದಳು. ಅದು ಹೌದೋ ಅಲ್ಲವೋ ಎಂದು ಮತ್ತೆ ಕೇಳಬೇಕಿತ್ತು, ಕೇಳಲಿಲ್ಲ. ತಾಯಿ ಆಗ ಔಷಧದ ಅಂಗಡಿಗೆ ಹೋಗಿದ್ದಳು.

“ಚೌಕ ಖಾಲಿ ಇತ್ತು ಅನ್ನೋದು ಖಂಡಿತವಾ?”

“ಅಕ್ಕಾ, ಎಲ್ಲರೂ ನೀನು ನೋಡಿಲ್ಲ ಅಂತಾರೆ. ನನಗೂ ಈಗ ಅನುಮಾನ ಬರ್ತಿದೆ. ರಾತ್ರಿಯೆಲ್ಲ ಕಣ್ಣು ಮುಚ್ಚಿದ್ರೆ ಆ ಚೌಕವೇ ಬರುತ್ತೆ. ಒಂದು ಸಲ ಖಾಲಿ, ಒಂದು ಸಲ ತುಂಬಿರುತ್ತೆ.” ಲೋಟ ಎತ್ತಿಕೊಂಡಳು. “ಆದ್ರೆ ಕೆಂಪಾಗಲಿಲ್ಲ. ಅದು ಮಾತ್ರ ಸತ್ಯ.”

“ಅದು ನನಗೂ ಗೊತ್ತು. ನನಗೂ ಆಗಲಿಲ್ಲ.”

ಸಿಸ್ಟರ್ ಲೋಟ ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತನ್ನ ಕಡೆಗೆ ಸಿಕ್ಕ ಮೊದಲ ಮಾತು ಅದು.

ಆಮೇಲೆ ಹುಡುಗಿಯ ತಾಯಿ. ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ಮೇಲೆ ಎರಡು ದಿನದಿಂದ ಬೇರು ಬಿಟ್ಟವಳಂತೆ ಕೂತಿದ್ದಳು. ಮಗಳು ಕಣ್ಣು ಬಿಟ್ಟಿದ್ದಾಳೆ, ಮಾತಾಡುತ್ತಿಲ್ಲ ಎಂದಳು. ಮಂಗಳವಾರ ಕೆಂಪು ಶಾಯಿಯ ಮಾತು ಆಡಿದಾಗ ಸುತ್ತ ಯಾರಿದ್ದರು ಎಂದು ಅಕ್ಕ ಕೇಳಿದಳು. ಡಾಕ್ಟರಿದ್ದರು, ಮ್ಯಾನೇಜರಿದ್ದರು, ದಾಖಲೆ ಕೋಣೆಯ ಹಿರಿಯರೂ ಇದ್ದರು. ಆ ಹಿರಿಯರೇ ನೀರು ತಂದು ಕುಡಿಸಿದ್ದು.

“ಆಗಿನ ಆ ಕಾಗದ ಈಗೆಲ್ಲಿದೆ ಅಂತ ಯಾರಾದ್ರೂ ಕೇಳಿದ್ರಾ ಅಮ್ಮ?”

“ನೀರು ಕೊಟ್ಟೋರು ಕೇಳಿದ್ರು. ಗುಲಾಬಿ ಬಣ್ಣದ ಹಾಳೆನಾ ಅಂತ. ಹೌದು ಅಂದೆ.”

ವೈದ್ಯರು ಕೋಣೆಯಲ್ಲಿ ಒಬ್ಬರೇ ಇದ್ದರು. ಮೇಜಿನ ಮೇಲೆ ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು. ತಾನು ಕಡತ ನೋಡದೆ ಫೋನಿನಲ್ಲೇ ಹೇಳಿದ್ದು ತಪ್ಪೆಂದು ಕೇಳುವ ಮೊದಲೇ ಒಪ್ಪಿಕೊಂಡರು. ಮೂರೂ ಮುಕ್ಕಾಲರಿಂದ ನಾಲ್ಕೂವರೆಯವರೆಗೆ ಹುಡುಗಿಯ ಪಕ್ಕದಲ್ಲೇ ಇದ್ದರೇ ಎಂದು ಅಕ್ಕ ಕೇಳಿದಳು. ನಡುವೆ ಹತ್ತು ನಿಮಿಷ ಈ ಕೋಣೆಗೆ ಬಂದಿದ್ದೆ ಎಂದರು. ಯಾಕೆ? ಅದಕ್ಕವರು ತಡವರಿಸಿದರು.

“ಕೈ ನಡುಗ್ತಿತ್ತು. ಬಾಗಿಲು ಹಾಕ್ಕೊಂಡು ಕೂತಿದ್ದೆ. ಇದನ್ನ ವಿಚಾರಣೆಯಲ್ಲಿ ಹೇಳಬೇಕಾ?”

“ಹೇಳಿದ್ರೆ ಒಳ್ಳೇದು ಡಾಕ್ಟ್ರೇ.”

ಮ್ಯಾನೇಜರ ಕೋಣೆಯಲ್ಲಿ ಉತ್ತರಗಳು ಕತ್ತರಿಸಿದ ಕಾಗದದ ಹಾಗೆ ನೇರವಾಗಿದ್ದವು. ಹಳೇ ಕಾಗದದ ಕಡತಗಳೆಲ್ಲ ಎಲ್ಲಿ? ಕಂಪ್ಯೂಟರಿಗೆ ಏರಿಸಿದ ಮೇಲೆ ನಿಯಮದಂತೆ ನಾಶ ಮಾಡಲಾಗಿದೆ. ದಾಖಲೆಗಳನ್ನು ಎಲ್ಲೆಲ್ಲಿಂದ ತಿದ್ದಬಹುದು? ವಾರ್ಡಿನ ಮೇಜು, ಈ ಕೋಣೆ, ದಾಖಲೆ ಕೋಣೆ. ನಾಲ್ಕು ಗಂಟೆಗೆ ನೀವೆಲ್ಲಿದ್ದಿರಿ? ಇಲ್ಲೇ. ಒಬ್ಬರೇ? ಒಬ್ಬರೇ. ಆ ಸಾಲು ಇದ್ದದ್ದರಿಂದ ಆಸ್ಪತ್ರೆಗೆ ಅನುಕೂಲವಾಯಿತಲ್ಲವೇ — ಕಾಗದದಲ್ಲಿದ್ದದ್ದನ್ನು ಕಂಪ್ಯೂಟರಿಗೆ ಏರಿಸದೆ ಬಿಟ್ಟ ತಪ್ಪು ಮರೆಯಾಗಿ, ಎಲ್ಲವೂ ಓದದ ಒಬ್ಬ ಸಿಸ್ಟರ್ ತಲೆಗೆ ಬಂತು?

ಮ್ಯಾನೇಜರು ಕನ್ನಡಕ ತೆಗೆದರು. “ಮೇಡಂ, ನಿಮ್ಮನ್ನ ಕರೆಸಿದ್ದು ಯಂತ್ರ ನೋಡೋದಕ್ಕೆ.”

“ಯಂತ್ರ ನೋಡಿ ಆಯ್ತು ಸಾರ್. ಯಂತ್ರಕ್ಕೆ ಹೇಳಿದೋರನ್ನ ನೋಡ್ತಿದ್ದೀನಿ.”

ಕಡೆಗೆ ದಾಖಲೆ ಕೋಣೆ. ಮೆಟ್ಟಿಲ ಕೆಳಗಿನ ಕಿರಿದಾದ ಕೋಣೆ ಅದು. ಕಬ್ಬಿಣದ ಕಪಾಟುಗಳು ಈಗ ಬಹುಪಾಲು ಖಾಲಿ. ಕಿಟಕಿಯ ಬಳಿ, ಕಂಪ್ಯೂಟರಿನ ಮುಂದೆ, ಎಪ್ಪತ್ತು ಮುಟ್ಟುತ್ತಿದ್ದ ಹಿರಿಯರು. ಆಸ್ಪತ್ರೆಯಲ್ಲಿ ಅವರನ್ನು ಟಕಟಕ ಮೇಷ್ಟ್ರು ಎನ್ನುತ್ತಿದ್ದರು. ಕೀಲಿಗಳನ್ನು ಒತ್ತುವುದಿಲ್ಲ, ಬಡಿಯುತ್ತಾರೆ ಎಂದು. ಮೂವತ್ತು ವರ್ಷ ಟೈಪಿಂಗ್ ಶಾಲೆ ನಡೆಸಿದ ಕೈಗಳು. ರಿಪೇರಿ ಅಕ್ಕ ಹದಿನೆಂಟರ ಹುಡುಗಿಯಾಗಿ ಬೆರಳು ಕೂರಿಸಲು ಕಲಿತದ್ದು ಅವರ ಬಳಿಯೇ. ಕೀಲಿ ನೋಡಬಾರದೆಂದು ಅವರು ಅವಳ ಕೈಗಳ ಮೇಲೆ ಕರವಸ್ತ್ರ ಹೊದಿಸುತ್ತಿದ್ದರು. ಶಾಲೆ ಮುಚ್ಚಿದ ಮೇಲೆ ಅವರಿಗೆ ಈ ಕೆಲಸ ಕೊಡಿಸಿದ್ದೂ ಅವಳೇ. ಹಳೇ ಕಾಗದಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದು ಅವರೊಬ್ಬರೇ.

“ಬಾಮ್ಮ, ಕೂತ್ಕೋ,” ಎಂದರು. ಕುರ್ಚಿಯ ಮೇಲಿನ ಕಾಗದ ಎತ್ತಿ, ಏನೆಂದು ನೋಡಲು ಮೂಗಿನ ತನಕ ತಂದು, ಬದಿಗಿಟ್ಟರು.

ಅವಳು ಕೂತಳು. ಹಿರಿಯರೇ ಆ ಹುಡುಗಿ ಹೇಗಿದ್ದಾಳೆಂದು ವಿಚಾರಿಸಿದರು. ಹೇಳಿದಳು. ಆ ಸಿಸ್ಟರ್ ಗತಿ ಏನಾಗುತ್ತದೆ ಎಂದು ಕೇಳಿದರು. ದಾದಿಯ ಪರವಾನಗಿಯೇ ಹೋಗಬಹುದು ಎಂದಳು. ಅವರು ಕಿಟಕಿಯ ಕಡೆ ತಿರುಗಿದರು.

“ಯಂತ್ರ ಒಂದೊಂದು ಸಲ ಮರೆಯೋದೂ ಉಂಟಲ್ವೇನಮ್ಮ? ಮೂರೂವರೆಗೆ ತೋರಿಸದೆ ಇದ್ದು, ಆಮೇಲೆ ತೋರಿಸಿರಬಹುದು.”

“ಇಲ್ಲ ಮೇಷ್ಟ್ರೇ. ಅದಕ್ಕೆ ಮರೆವಿಲ್ಲ. ನಾವು ಹೇಳಿಕೊಟ್ಟದ್ದನ್ನ ಹಾಗೇ ಒಪ್ಪಿಸುತ್ತೆ.”

ನಾಳೆ ಎಲ್ಲರೂ ಮಂಗಳವಾರ ತಾವೆಲ್ಲಿದ್ದೆವೆಂದು ಹೇಳಿಕೆ ಕೊಡಬೇಕೆಂದಳು. ವಾರ್ಡಿನ ಕಂಪ್ಯೂಟರಿನಲ್ಲಿ ತಾವೇ ಟೈಪು ಮಾಡಬೇಕು. ಅವರು ಆಗಲಿ ಎಂದರು. ಅವಳು ಎದ್ದು ಬಾಗಿಲ ತನಕ ಹೋಗಿ, ಇನ್ನೇನೋ ಹೇಳಲು ತಿರುಗಿದಳು. ಅವರು ಕಣ್ಣು ಮುಚ್ಚಿಕೊಂಡಿದ್ದರು. ಹೇಳದೆ ಹೊರಟಳು.

ಆ ಸಂಜೆ ಮನೆಯಲ್ಲಿ ಗಂಡ ಎರಡು ಸಲ ಕರೆದರೂ ಊಟಕ್ಕೆ ಏಳಲಿಲ್ಲ. ತಾನು ಕಂಡದ್ದು ತಪ್ಪಾಗಿರಲಿ ಎಂದು ಅಷ್ಟು ಹಂಬಲಿಸಿದ್ದು ಅವಳ ಇಪ್ಪತ್ತೇಳು ವರ್ಷದ ಕೆಲಸದಲ್ಲಿ ಅದೇ ಮೊದಲು.

ಶುಕ್ರವಾರ ಹತ್ತು ಗಂಟೆಗೆ ಒಬ್ಬೊಬ್ಬರಾಗಿ ವಾರ್ಡಿನ ಮೇಜಿಗೆ ಬಂದರು. ವೈದ್ಯರು ಎರಡೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ, ಅರ್ಧ ಪುಟ ಮಾಡಿದರು. ಮ್ಯಾನೇಜರು ಐದು ಸಾಲು. ಮೇಷ್ಟ್ರು ಪರದೆ ನೋಡದೆ, ಕೀಲಿ ನೋಡದೆ, ಎದುರಿನ ಗೋಡೆ ನೋಡುತ್ತ ಟಕಟಕನೆ ಹೊಡೆದು ಮುಗಿಸಿದರು. ಅಕ್ಕ ಸಿಸ್ಟರನ್ನೂ ಕರೆಸಿದ್ದಳು, ಅವಳೂ ಬರೆದಳು. ನಾಲ್ಕು ಹೇಳಿಕೆ, ನಾಲ್ಕು ಕಡತ.

ಹನ್ನೊಂದಕ್ಕೆ ವಿಚಾರಣೆ ನಡೆಸಲು ಬಂದವರು ಬೇರೆ ಆಸ್ಪತ್ರೆಯ ಹಿರಿಯ ವೈದ್ಯೆ. ಬಿಳಿಗೂದಲು, ಕಡಿಮೆ ಮಾತು. ಮ್ಯಾನೇಜರ ಕೋಣೆಯಲ್ಲಿ ಎಲ್ಲರೂ ಕೂತರು. ವಾರ್ಡಿನ ಕಂಪ್ಯೂಟರನ್ನು ಅಕ್ಕ ಅಲ್ಲಿಗೇ ತಂದಿಟ್ಟಿದ್ದಳು.

“ಯಂತ್ರದಲ್ಲಿ ದೋಷ ಇದೆಯೇ?” ಎಂದು ಹಿರಿಯ ವೈದ್ಯೆ ಕೇಳಿದರು.

“ಯಂತ್ರದಲ್ಲಿಲ್ಲ ಅಮ್ಮ. ಒಂದು ಅಕ್ಷರದಲ್ಲಿದೆ. ತೋರಿಸ್ತೀನಿ.”

ನಾಲ್ವರೂ ಮಂಗಳವಾರದ ಬಗ್ಗೆ ಬರೆದಿದ್ದಾರೆ, ನಾಲ್ಕೂ ಹೇಳಿಕೆಗಳು ಆ ಪದದಿಂದಲೇ ಶುರುವಾಗಿವೆ ಎಂದು ಪರದೆಯ ಮೇಲೆ ಎಲ್ಲರಿಗೂ ತೋರಿಸಿದಳು. ಆಮೇಲೆ ‘ಮಂಗಳವಾರ’ ಎಂದು ಟೈಪು ಮಾಡಿ, ನಾಲ್ಕು ಕಡತಗಳಲ್ಲಿ ಹುಡುಕು ಎಂದಳು.

ಮೂರು ಸಿಕ್ಕಿತು.

“ನಾಲ್ಕನೆಯದು?” ಹಿರಿಯ ವೈದ್ಯೆ ಮುಂದಕ್ಕೆ ಬಾಗಿದರು. “ಅದರಲ್ಲೂ ಇದೆಯಲ್ಲ. ನನಗೆ ಕಾಣಿಸ್ತಿದೆ.”

“ನಮ್ಮ ಕಣ್ಣಿಗೆ ಕಾಣುತ್ತೆ. ಕಂಪ್ಯೂಟರಿಗೆ ಕಾಣಲ್ಲ. ನಾವು ‘ಮಂ’ ಬರೆಯೋವಾಗ ಮಕಾರದ ಮುಂದೆ ಒಂದು ಸೊನ್ನೆ ಇಡ್ತೀವಿ. ಒಂದು, ಎರಡು ಎಣಿಸೋ ಅಂಕಿಯಲ್ಲೂ ಸೊನ್ನೆ ಇದೆ. ಎರಡರ ಹೆಸರೂ ಸೊನ್ನೆ, ಎರಡೂ ದುಂಡಗೆ. ಕಾಗದದ ಮೇಲೆ ಯಾವುದಿದ್ರೂ ಓದಬಹುದು. ಆದ್ರೆ ಕಂಪ್ಯೂಟರಿಗೆ ಒಂದು ಅಕ್ಷರದ ಚಿಹ್ನೆ, ಇನ್ನೊಂದು ಅಂಕಿ. ಎರಡಕ್ಕೂ ಸಂಬಂಧವೇ ಇಲ್ಲ. ನಾಲ್ಕನೇ ಹೇಳಿಕೆಯಲ್ಲಿ ಇರೋದು ಅಂಕಿಯ ಸೊನ್ನೆ.”

ಎರಡನ್ನೂ ಪರದೆಯಲ್ಲಿ ಅಂಗೈಯಷ್ಟು ದೊಡ್ಡದು ಮಾಡಿ ಅಕ್ಕಪಕ್ಕ ಇಟ್ಟಳು. ಆಗ ಗೊತ್ತಾಗುತ್ತಿತ್ತು — ಒಂದು ತುಸು ದಪ್ಪ, ತುಸು ಎತ್ತರ.

ಆಮೇಲೆ ಹೊಲಿಗೆಯವಳ ಕಡತ ತೆರೆದಳು. ‘ನಂಜಿನ ಇಂಜೆಕ್ಷನ್’. ಎರಡು ಪದ, ಎರಡು ಸೊನ್ನೆ. ಎರಡೂ ಅಂಕಿ. ಪಟ್ಟಿಯಲ್ಲಿರುವ ಹೆಸರಿಗೂ ಇದಕ್ಕೂ ತಾಳೆಯಾಗದೆ ಪರದೆ ಕೆಂಪಾಗುತ್ತಿರಲಿಲ್ಲ.

ಮ್ಯಾನೇಜರು ತಕ್ಷಣ ಹಿಡಿದುಕೊಂಡರು. ಹಾಗಾದರೆ ಎರಡು ವರ್ಷದ ಹಿಂದೆಯೇ ಯಾರೋ ತಪ್ಪಾಗಿ ಟೈಪು ಮಾಡಿದ್ದಾರೆ, ಅಷ್ಟೇ. ಸಾಲು ಆಗಿನಿಂದಲೂ ಅಲ್ಲಿತ್ತು. ಎಚ್ಚರಿಕೆ ಬರದಿದ್ದರೂ ಸಿಸ್ಟರ್ ಕಣ್ಣಿಂದ ಓದಬೇಕಿತ್ತು.

“ನಾನೂ ಹಾಗೇ ಅಂದ್ಕೊಳ್ಳಬಹುದಿತ್ತು,” ಎಂದಳು ಅಕ್ಕ. ಅವಳ ಧ್ವನಿ ತಗ್ಗಿತು. “ಆದ್ರೆ ಆರು ತಿಂಗಳ ಹಿಂದೆ ಒಬ್ಬ ಹಳೇ ರೋಗಿಗೆ ಎಚ್ಚರಿಕೆ ಬರಲಿಲ್ಲ. ಪುಣ್ಯಕ್ಕೆ ಆತನೇ ಬಾಯಿಬಿಟ್ಟು ಹೇಳಿದ, ಏನೂ ಆಗಲಿಲ್ಲ. ಹುಡುಕಿ ನೋಡಿದೆ. ಕಾಗದದಿಂದ ಏರಿಸಿದ ದಾಖಲೆಗಳಲ್ಲೆಲ್ಲ ಇದೇ ಸೊನ್ನೆ. ಒಂದು ಭಾನುವಾರ ಕೂತು ನಾಲ್ಕು ಸಾವಿರ ಕಡತಗಳಲ್ಲೂ ಅಕ್ಷರಗಳ ನಡುವೆ ಬಂದ ಅಂಕಿಯ ಸೊನ್ನೆ ತೆಗೆದು ಸರಿಯಾದ್ದು ಹಾಕಿದೆ. ಆಮೇಲೆ ಪರೀಕ್ಷೆ ಮಾಡಿದೆ. ಒಂದೂ ಉಳಿದಿರಲಿಲ್ಲ.”

ಅವಳು ಹೊಲಿಗೆಯವಳ ಸಾಲಿನ ಮೇಲೆ ಬೆರಳಿಟ್ಟಳು.

“ಈ ಸಾಲು ಎರಡು ವರ್ಷ ಹಳೇದಾಗಿದ್ರೆ ಆ ಭಾನುವಾರ ಇದೂ ಸರಿಹೋಗಿರಬೇಕಿತ್ತು. ಸರಿಹೋಗಿಲ್ಲ. ಅಂದ್ರೆ ಆ ಭಾನುವಾರ ಇದು ಇರಲೇ ಇಲ್ಲ. ಪಕ್ಕದ ತಾರೀಖನ್ನ ಕೈಯಲ್ಲೇ ಟೈಪು ಮಾಡೋದು. ಯಾವುದು ಬೇಕಾದ್ರೂ ಹಾಕಬಹುದು. ಆ ಹುಡುಗಿ ಈ ಎರಡು ವರ್ಷದಲ್ಲಿ ಮಂಗಳವಾರದ ತನಕ ಆಸ್ಪತ್ರೆಗೆ ಕಾಲಿಟ್ಟಿಲ್ಲ. ಅವಳ ಕಡತ ತೆರೆಯೋ ಕಾರಣ ಯಾರಿಗೂ ಇರಲಿಲ್ಲ — ಮಂಗಳವಾರ ಅವಳ ತಾಯಿ ಕೆಂಪು ಶಾಯಿಯ ಮಾತಾಡೋ ತನಕ.”

ಹಿರಿಯ ವೈದ್ಯೆ ನಾಲ್ಕನೆಯ ಹೇಳಿಕೆಯ ಕಡೆ ಬೆರಳು ತೋರಿಸಿದರು. “ಇದು ಯಾರದ್ದು?”

ರಿಪೇರಿ ಅಕ್ಕ ಕೀಲಿಮಣೆಯಿಂದ ಕೈ ತೆಗೆದಳು. ಬೇರೆಯವರಾಗಿದ್ದರೆ ಬೆರಳು ಮಾಡಿ ತೋರಿಸಿಬಿಡುತ್ತಿದ್ದಳೇನೋ. “ಅವರ ಟೈಪಿಂಗ್ ಶಾಲೆಯ ಮಷಿನಿನಲ್ಲಿ ಎರಡು ಸೊನ್ನೆಗೂ ಒಂದೇ ಕೀಲಿ ಇತ್ತು,” ಎಂದಳು. “ನನಗೆ ಗೊತ್ತು. ನಾನೂ ಅದರಲ್ಲೇ ಕಲಿತೋಳು. ಬೆರಳು ತಾನಾಗೇ ಮೇಲಿನ ಅಂಕಿ ಸಾಲಿಗೆ ಹೋಗುತ್ತೆ. ಆ ಅಭ್ಯಾಸ ಬಿಡೋದಕ್ಕೆ ನನಗೆ ವರ್ಷ ಹಿಡೀತು. ಇದನ್ನ ಬರೆದೋರು ನಮ್ಮ ಮೇಷ್ಟ್ರು.”

ಸಿಸ್ಟರ್ ತಿರುಗಿ ನೋಡಿದಳು. ಮೇಷ್ಟ್ರು ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು.

ಅವರು ವಾದ ಮಾಡಲಿಲ್ಲ. ಮೂರು ವರ್ಷದಿಂದ ಕಣ್ಣಿಗೆ ಪೊರೆ ಬಂದಿದೆ ಎಂದರು. ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಮನೆಗೆ ಕಳಿಸುತ್ತಾರೆ, ಮನೆಯಲ್ಲಿ ಕೂತು ಏನು ಮಾಡುವುದು ಎಂಬ ಭಯ. ಕಪ್ಪು ಶಾಯಿ ಹೇಗೋ ಓದಬಹುದಿತ್ತು. ಗುಲಾಬಿ ಹಾಳೆಯ ಮೇಲೆ ಕೆಂಪು ಶಾಯಿ ಬರೆದರೆ ಅವರಿಗದು ಖಾಲಿ ಹಾಳೆ. ತಾಯಿಯ ಮಾತು ಕಿವಿಗೆ ಬಿದ್ದಾಗಲೇ ಅನುಮಾನ ಬಂತಂತೆ. ನೀರು ಕೊಟ್ಟು, ಮೆಟ್ಟಿಲಿಳಿದು, ಕಡತ ತೆರೆದು ನೋಡಿದರು. ಚೌಕ ಖಾಲಿ.

“ತುಂಬಿಬಿಟ್ಟೆ,” ಎಂದರು. “ಖಾಲಿ ಇರೋದನ್ನ ನೋಡೋದಕ್ಕೆ ಆಗಲಿಲ್ಲ. ಆಗ ಈ ಮಗುವಿನ ತಲೆಗೆ ಬರುತ್ತೆ ಅಂತ ಹೊಳೀಲಿಲ್ಲ, ಆಣೆ. ಸಂಜೆಗೆ ಹೊಳೀತು.” ಸಿಸ್ಟರ್ ಕಡೆ ನೋಡಲು ಯತ್ನಿಸಿ, ಆಗದೆ, ನೆಲ ನೋಡಿದರು. “ಹೊಳೆದ ಮೇಲೂ ಮೂರು ದಿನ ಸುಮ್ಮನಿದ್ದೆ.”

ಹಿರಿಯ ವೈದ್ಯೆ ಎಲ್ಲವನ್ನೂ ಬರೆದುಕೊಂಡರು. ಇನ್ನೇನಾದರೂ ಇದೆಯೇ ಎಂದು ಕೇಳಿದರು. ಮ್ಯಾನೇಜರು ಎದ್ದೇಳಲು ನೋಡುತ್ತಿದ್ದರು.

“ಇದೆ,” ಎಂದಳು ರಿಪೇರಿ ಅಕ್ಕ. “ನನ್ನದು.”

ಆರು ತಿಂಗಳ ಹಿಂದೆ ಹಳೇ ದಾಖಲೆ ಸರಿಮಾಡಿದವಳು, ಅದನ್ನು ಟೈಪು ಮಾಡಿದವರಿಗೆ ಒಂದು ಮಾತು ಹೇಳಿರಲಿಲ್ಲ. ಗುರುಗಳಿಗೆ ನಿಮ್ಮ ಸೊನ್ನೆ ತಪ್ಪು ಎಂದು ಹೇಳಲು ನಾಲಿಗೆ ಏಳಲಿಲ್ಲ. ಟೈಪು ಮಾಡುವಾಗಲೇ ತಿದ್ದಿಕೊಳ್ಳುವ ಹಾಗೆ ಪ್ರೋಗ್ರಾಮು ಬದಲಿಸಿದರಾಯಿತು ಎಂದುಕೊಂಡಳು. ಬೇರೆ ಬೇರೆ ಕೆಲಸದಲ್ಲಿ ಅದೂ ಮುಂದೆ ಹೋಯಿತು. ಯಂತ್ರ ಸರಿಮಾಡಿ, ಕೆಡಿಸಿದ ಅಭ್ಯಾಸವನ್ನು ಹಾಗೇ ಬಿಟ್ಟು ಬರಬೇಡಿ ಎಂದು ಊರಿಗೆಲ್ಲ ಹೇಳುತ್ತಿದ್ದವಳು ಅವಳು. ಆ ಆರು ತಿಂಗಳಲ್ಲಿ ಮೇಷ್ಟ್ರು ಟೈಪು ಮಾಡಿದ ಹೊಸ ದಾಖಲೆಗಳಲ್ಲೂ ಎಚ್ಚರಿಕೆ ಕೆಲಸ ಮಾಡುವುದಿಲ್ಲ. ಅಂಥವು ಇನ್ನೂರ ಎಪ್ಪತ್ತು. ನಿನ್ನೆ ಎಣಿಸಿದ್ದೇನೆ, ಇದನ್ನೂ ಬರೆದುಕೊಳ್ಳಿ ಎಂದಳು.

ಹಿರಿಯ ವೈದ್ಯೆ ಅವಳನ್ನು ಒಂದು ಕ್ಷಣ ನೋಡಿ, ಬರೆದುಕೊಂಡರು.

ಸಿಸ್ಟರ್ ಅಂದೇ ಕೆಲಸಕ್ಕೆ ಮರಳಬಹುದೆಂದು ಆದೇಶವಾಯಿತು. ಅವಳು ಸೋಮವಾರ ಬರುತ್ತೇನೆಂದಳು. ಆ ಮೇಜಿನ ಮುಂದೆ ಈಗಲೇ ಕೂರಲು ಅವಳಿಗಾಗುತ್ತಿರಲಿಲ್ಲ. ವೈದ್ಯರಿಗೂ ಮ್ಯಾನೇಜರಿಗೂ ನೋಟೀಸು ಬಂತು. ಮೇಷ್ಟ್ರ ಮೇಲೆ ಪ್ರಕರಣ ದಾಖಲಾಯಿತು. ಹೊಲಿಗೆಯವಳು ಹತ್ತನೆಯ ದಿನ ಅಮ್ಮಾ ಎಂದಳು, ತಿಂಗಳಿಗೆ ಮನೆಗೆ ಹೋದಳು. ಆದರೆ ಉಸಿರು ನಿಂತಿದ್ದ ಆ ನಿಮಿಷಗಳು ಅವಳ ಕೈಗಳಿಂದ ಏನನ್ನೋ ಕಿತ್ತುಕೊಂಡಿದ್ದವು. ಸೂಜಿಗೆ ದಾರ ಪೋಣಿಸಲು ಹೋದರೆ ದಾರ ಎಲ್ಲೋ, ಸೂಜಿ ಎಲ್ಲೋ.

ಅದೆಲ್ಲ ಆಮೇಲಿನ ಮಾತು. ಆ ಶುಕ್ರವಾರ ಮಧ್ಯಾಹ್ನ ಎಲ್ಲರೂ ಹೊರಟ ಮೇಲೆ ಕೋಣೆಯಲ್ಲಿ ಇಬ್ಬರೇ ಉಳಿದರು. ಅವಳು ಕಂಪ್ಯೂಟರಿನ ತಂತಿ ಸುತ್ತುತ್ತಿದ್ದಳು. ಮೇಷ್ಟ್ರು ಗೋಡೆ ಹಿಡಿದು ಎದ್ದು, ಬಾಗಿಲಿಗೆ ಎರಡು ಹೆಜ್ಜೆ ಇರುವಾಗ ನಿಂತರು.

“ಆರು ತಿಂಗಳ ಹಿಂದೆ ನೀನು ಹೇಳಿದ್ರೆ, ಕಣ್ಣಿನ ವಿಷಯ ನಾನೂ ಹೇಳ್ತಿದ್ದೆನೋ ಏನೋ,” ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. “ಯಾಕಮ್ಮ ಹೇಳಲಿಲ್ಲ?”

“ನಿಮಗೆ ನೋವಾಗುತ್ತೆ ಅಂತ ಮೇಷ್ಟ್ರೇ.”

ಅವರು ತಲೆಯಾಡಿಸಿದರು. ಅವಳು ತಂತಿ ಬಿಟ್ಟು ಬಂದು ಅವರ ಮೊಣಕೈ ಹಿಡಿದುಕೊಂಡಳು. ಹೊರಗಿನ ಮೆಟ್ಟಿಲು ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಒಂದೊಂದಾಗಿ ಇಳಿಸಿ, ಬೀದಿಯ ತನಕ ಬಿಟ್ಟು ಬಂದು, ಕಂಪ್ಯೂಟರನ್ನು ವಾರ್ಡಿನ ಮೇಜಿಗೆ ಮರಳಿಸಿ, ಅದರ ಮುಂದೆ ಕೂತಳು. ಇನ್ನೂರ ಎಪ್ಪತ್ತರಲ್ಲಿ ಮೊದಲನೆಯ ಕಡತ ತೆರೆದು, ಯಾವ ಔಷಧ ಒಗ್ಗುವುದಿಲ್ಲ ಎಂದು ಬಾಯಿಂದಲೇ ಕೇಳಲು ಆ ರೋಗಿಯ ಮನೆಯ ನಂಬರಿಗೆ ಫೋನು ಹಚ್ಚಿದಳು.